ಬೆಟ್ಟದ ಶಾಲೆಯಿಂದ ಕೇಂಬ್ರಿಜಿಗೆ ಅರ್ಜಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತಾಳವಾಡಿ ಸೀಮೆಯಲ್ಲಿ ಕನ್ನಡದಲ್ಲಿ ಓದುತ್ತಿರುವ ಬಾಲಕನೋ ಬಾಲಕಿಯೋ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕಬಹುದೇ ಎಂಬ ಪ್ರಶ್ನೆಯನ್ನು ಈಚೆಗೆ ಕೆಲವರು ಪೋಷಕರು ನಮ್ಮ ಮುಂದಿಟ್ಟಿದ್ದಾರೆ. ಈ ಪ್ರಶ್ನೆಯ ಬೆನ್ನಿಗೇ ಒಂದು ಅಳುಕೂ ಇದೆ. ಕನ್ನಡ ಶಾಲೆಗೆ ಸೇರಿಸಿ ಮಗುವಿನ ಮುಂದಿನ ಬಾಗಿಲನ್ನು ನಾವೇ ಮುಚ್ಚಿದೆವೋ ಏನೋ ಎಂಬ ಅಳುಕದು. ಅದರಿಂದಲೇ ಕೆಲವರು ಮಕ್ಕಳನ್ನು ದಿಂಬಂ ಘಟ್ಟದ 27 ತಿರುವುಗಳನ್ನಿಳಿಸಿ ಬಯಲಿನ ಇಂಗ್ಲಿಷ್ ಶಾಲೆಗಳಿಗೆ ಕಳುಹಿಸುತ್ತಿದ್ದಾರೆ. ಆದಕಾರಣ ಈ ವಿಷಯವನ್ನು ತುಸು ವಿವರವಾಗಿಯೇ ಹೇಳಬೇಕಾಗಿದೆ.

ನಮ್ಮ ಜಿಲ್ಲೆಯ ಈರೋಡಿನಲ್ಲಿಯೇ 1887ರ ಡಿಸೆಂಬರ್ 22ರಂದು ಶ್ರೀನಿವಾಸ ರಾಮಾನುಜನ್ ಹುಟ್ಟಿದರು. ಬೆಳೆದದ್ದು ಕುಂಭಕೋಣದಲ್ಲಿ. ಗಣಿತವೊಂದನ್ನೇ ಹಿಡಿದು ಮಿಕ್ಕ ವಿಷಯಗಳನ್ನು ಕೈಬಿಟ್ಟುದರಿಂದ ಎಫ್. ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, 1913ರ ಜನವರಿ 16ರಂದು ಅವರು ಕೇಂಬ್ರಿಜಿನ ಹಾರ್ಡಿಯವರಿಗೆ ಬರೆದ ಪತ್ರದಲ್ಲಿ ತೋರಿಸಿಕೊಳ್ಳಲು ಪದವಿಯಿರಲಿಲ್ಲ; ತಾವು ಕಂಡುಕೊಂಡ ಸೂತ್ರಗಳಿದ್ದುವು. ಮರುವರ್ಷ ಮದರಾಸು ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನದ ಬಲದಿಂದ ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಇಂಥ ಪ್ರತಿಭೆಯನ್ನು ಮಾದರಿಯೆಂದು ಮಕ್ಕಳ ತಲೆಯ ಮೇಲೆ ಹೇರುವುದು ಅನ್ಯಾಯ. ಆದರೂ ಅಲ್ಲಿ ಗಮನಿಸತಕ್ಕ ಅಂಶಗಳಿವೆ. ಅವರು ತಾವು ಮಾಡಿದ ಕೆಲಸವನ್ನೇ ಬರೆದು ಕಳುಹಿಸಿದರು. ಅವರ ಪರವಾಗಿ ನಿಲ್ಲಲು ಬಂದರು ಕಚೇರಿಯ ನಾರಾಯಣ ಅಯ್ಯರ್, ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಮೊದಲಾದವರು ಇದ್ದರು. ಇಂದಿನ ಅರ್ಜಿಯೂ ಇವೆರಡನ್ನೇ ಕೇಳುತ್ತದೆ.

ಅರ್ಜಿಯ ಕ್ರಮ ಹೀಗಿದೆ. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳ ಮೊದಲ ಪದವಿಗೆ ಯೂಕ್ಯಾಸ್ ಎಂಬ ಸಂಸ್ಥೆಯ ಮೂಲಕ ಒಂದೇ ಅರ್ಜಿ. ಅದರಲ್ಲಿ ಐದು ಆಯ್ಕೆಗಳಿಗೆ ಸ್ಥಳವುಂಟು. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಸಾಮಾನ್ಯವಾಗಿ ಒಂದೇ ವರ್ಷ ಹಾಕುವಂತಿಲ್ಲ. ಇವುಗಳಿಗೆ ಕೊನೆಯ ದಿನ ಅಕ್ಟೋಬರ್ 15, ಅಲ್ಲಿಯ ಸಂಜೆ ಆರು ಗಂಟೆ; ನಮಗೆ ಅದು ರಾತ್ರಿ ಹತ್ತೂವರೆ. (ಆ ಹೊತ್ತಿನಲ್ಲಿ ನಮ್ಮ ಬೆಟ್ಟದ ಮೇಲೆ ವಿದ್ಯುತ್ತೂ ದೂರವಾಣಿಯ ಸಂಕೇತವೂ ಜೊತೆಯಾಗಿರುವುವೆಂದು ಯಾರೂ ನಂಬಿ ಕೂರಬಾರದು.) ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಇನ್ನೂ ತಿಂಗಳುಗಳಿರುವಾಗಲೇ ಅರ್ಜಿ ಹೋಗಬೇಕು, ಬರಬಹುದಾದ ಅಂಕಗಳನ್ನು ಉಪಾಧ್ಯಾಯರು ಅಂದಾಜು ಮಾಡಿ ಬರೆಯಬೇಕು. ಹಲವು ವಿಷಯಗಳಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆಯುಂಟು. ಅದಕ್ಕೆ ಬೇರೆಯಾಗಿಯೇ ಹೆಸರು ನೋಂದಾಯಿಸಬೇಕು. ಡಿಸೆಂಬರಿನಲ್ಲಿ ಸಂದರ್ಶನ, ದೂರದೇಶದವರಿಗೆ ಅದು ಈಗ ಗಣಕಯಂತ್ರದ ಮೂಲಕವೇ ನಡೆಯುತ್ತದೆ. ಇನ್ನೊಂದು ಎಚ್ಚರಿಕೆ: ರಾಜ್ಯ ಮಂಡಳಿಗಳ ಪ್ರಮಾಣಪತ್ರವನ್ನು ಎಲ್ಲೆಡೆಯೂ ಒಂದೇ ತೆರನಾಗಿ ಒಪ್ಪುವುದಿಲ್ಲ. ಅದನ್ನು ಹನ್ನೊಂದನೆಯ ತರಗತಿಯಲ್ಲಿಯೇ ಆಯಾ ವಿಶ್ವವಿದ್ಯಾನಿಲಯಕ್ಕೆ ಬರೆದು ಕೇಳಿಕೊಳ್ಳಬೇಕು.

2026ರ ಪ್ರವೇಶದಿಂದ ವಿದ್ಯಾರ್ಥಿಯ ಸ್ವವಿವರಣೆಯನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಿದ್ದಾರೆ. ಈ ವಿಷಯವನ್ನೇ ಏಕೆ ಓದಬಯಸುವೆ? ನಿನ್ನ ಓದು ಅದಕ್ಕೆ ನಿನ್ನನ್ನು ಹೇಗೆ ಸಿದ್ಧಗೊಳಿಸಿದೆ? ಶಾಲೆಯ ಹೊರಗೆ ಏನು ಮಾಡಿರುವೆ? ಮೂರಕ್ಕೂ ಕೂಡಿ 4000 ಅಕ್ಷರಗಳು. ಇಲ್ಲಿ ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಪ್ರಾಣವೆಂದು ಬರೆಯುವುದು ವ್ಯರ್ಥ. ಜೀವಶಾಸ್ತ್ರವನ್ನು ಬಯಸುವ ನಮ್ಮ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ಮನೆಯ ಹಿಂದೆ, 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ ಸತ್ಯಮಂಗಲದ ಕಾಡಿದೆ. ಕಾಡಿನೊಳಗೆ ಲಂಟಾನ ಹಬ್ಬಿದೆ. ಹಿಂದೆ ತರಗುಬೆಂಕಿ ಹಾಕುತ್ತಿದ್ದೆವು, ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಎನ್ನುತ್ತಾರೆ ಸೋಲಿಗ ಹಿರಿಯರು. ಈ ಮಾತು ನಿಜವೇ? ಯಾವ ಕಾಡಿಗೆ ನಿಜ? ಪರೀಕ್ಷಿಸುವುದು ಹೇಗೆ? ಆ ಹಿರಿಯರ ಮಾತನ್ನು ಕನ್ನಡದಲ್ಲಿ ಕೇಳಿ, ಪುಸ್ತಕದ ಮಾತಿನೊಡನೆ ಹೋಲಿಸಿ, ತನ್ನ ಸಂದೇಹವನ್ನು ಬರೆದರೆ, ಸಂದರ್ಶಕರಿಗೆ ಅವಳೊಡನೆ ವಾದಿಸಲು ಏನೋ ಒಂದು ಸಿಕ್ಕಿದಂತಾಗುವುದು. ಅವರು ಬಯಸುವುದು ಅದನ್ನೇ. ಈ ಹೋಲಿಕೆ ಮಾಡುವ ಅವಕಾಶ ಪಟ್ಟಣದ ಮಗುವಿಗೆ ಸುಲಭವಾಗಿ ದೊರೆಯದು.

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಐಇಎಲ್‌ಟಿಎಸ್ ಎಂಬ ಪರೀಕ್ಷೆಯಲ್ಲಿ ಅವರು ಸಾಮಾನ್ಯವಾಗಿ 9ಕ್ಕೆ 7.5 ಕೇಳುತ್ತಾರೆ; ಅದು ಕಠಿಣವಾದ ಮಟ್ಟ. ಆದರೆ ಭಾಷೆಯನ್ನು ಚೆನ್ನಾಗಿ ಕಲಿಯುವುದು ಒಂದು, ಎಲ್ಲವನ್ನೂ ಆ ಭಾಷೆಯಲ್ಲಿಯೇ ಕಲಿಯುವುದು ಮತ್ತೊಂದು. ಪೋಲೆಂಡಿನ ಮಕ್ಕಳನ್ನು ನೋಡಿ. ಅಲ್ಲಿಯ ಸಾಮಾನ್ಯ ಶಾಲೆಗಳವರು ಪೋಲಿಷ್ ಭಾಷೆಯಲ್ಲಿ ಓದಿಯೇ ಇದೇ ಅರ್ಜಿ ಹಾಕುತ್ತಾರೆ. ಅವರ ಮತುರಾ ಪರೀಕ್ಷೆಯ ಫಲಿತಾಂಶ ಬರುವುದು ಜುಲೈಯಲ್ಲಿ. ಅರ್ಜಿ ಹೋಗಬೇಕಾದದ್ದು ಹಿಂದಿನ ಅಕ್ಟೋಬರಿನಲ್ಲಿ. ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬಂದುದರಿಂದ 2021ರಿಂದೀಚೆಗೆ ಹೊಸದಾಗಿ ಸೇರುವ ಅವರೂ ನಮ್ಮಂತೆಯೇ ಪರದೇಶೀಯರ ಶುಲ್ಕವನ್ನು ತೆರಬೇಕಾಗಿದೆ.

ಈ ಶುಲ್ಕವೇ ನಿಜವಾದ ಅಡ್ಡಗೋಡೆ. ವರ್ಷಕ್ಕೆ ಹತ್ತಾರು ಸಾವಿರ ಪೌಂಡುಗಳು. ಊಟ ವಸತಿಯ ವೆಚ್ಚ ಬೇರೆ. ರಾಗಿ, ಅರಿಸಿನ, ಬಾಳೆಯ ಆದಾಯದಿಂದ ಇದು ಹುಟ್ಟುವುದಿಲ್ಲ. ಜಮೀನು ಅಡವಿಟ್ಟು ಕಳುಹಿಸುತ್ತೇವೆನ್ನುವ ತಂದೆಯನ್ನು ನಾವು ತಡೆಯುತ್ತೇವೆ. ಮೊದಲ ಪದವಿಗೆ ಪೂರ್ಣ ವಿದ್ಯಾರ್ಥಿವೇತನಗಳು ಬಹು ವಿರಳ. ಎರಡನೆಯ ಪದವಿಗೆ ಅವು ಹೆಚ್ಚು. ರೋಡ್ಸ್, ಕಾಮನ್‌ವೆಲ್ತ್, ಫೆಲಿಕ್ಸ್, ಗೇಟ್ಸ್ ಕೇಂಬ್ರಿಜ್ ಇವೆಲ್ಲ ಪದವೀಧರರಿಗೇ. ಪರಿಶಿಷ್ಟ ಜಾತಿಯವರಿಗೂ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವುಂಟು. ಪರಿಶಿಷ್ಟ ಬುಡಕಟ್ಟಿನವರಿಗೆ ಅಂಥದೇ ಪ್ರತ್ಯೇಕ ಯೋಜನೆಯಿದೆ. ಇವೂ ಮೊದಲ ಪದವಿಯ ನಂತರವೇ.

ಕನ್ನಡದ ಹಿರಿಯರು ಹೋದ ದಾರಿಯೂ ಅದೇ. ಕ್ಲೋಸ್‌ಪೇಟೆಯ ಸಿ. ಡಿ. ನರಸಿಂಹಯ್ಯನವರು ಮೈಸೂರಿನಲ್ಲಿ ಓದಿ ಕೇಂಬ್ರಿಜಿಗೆ ಹೋದರು. ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನ ಪದವಿಯ ಮೇಲೆ 1960ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ತೆರಳಿದರು. ಹೊರಡುವ ಸಿದ್ಧತೆಯ ನಡುವೆ ಅವರು ಬರೆದ ‘ಯಯಾತಿ’ ಕನ್ನಡದಲ್ಲಿ ಬಂದುದು ಅವರಿಗೇ ಅಚ್ಚರಿಯಾಗಿತ್ತು. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಆದುದರಿಂದ ನಮ್ಮ ಮಕ್ಕಳು ಮೈಸೂರಿನಲ್ಲೋ ಕೊಯಮತ್ತೂರಿನಲ್ಲೋ ಮೊದಲ ಪದವಿಯನ್ನು ಉತ್ತಮವಾಗಿ ಮುಗಿಸಿ, ಬಳಿಕ ಅರ್ಜಿ ಹಾಕುವುದು ಮೇಲೆಂದು ನಮ್ಮ ಅಭಿಮತ. ಆದರೂ ಹದಿನೇಳರಲ್ಲಿಯೇ ಹಾಕಿ ನೋಡುವೆನೆನ್ನುವ ಮಗುವಿಗೆ ಬೇಡವೆನ್ನಲು ನಾವಾರು?

ಉಪಾಧ್ಯಾಯರಿಗೆ ಒಂದು ವಿಜ್ಞಾಪನೆ. ಅರ್ಜಿಯೊಡನೆ ಹೋಗುವ ಶಿಫಾರಸು ಪತ್ರದ ಮೊದಲ ಭಾಗವೇ ಶಾಲೆಯ ಪರಿಚಯ. ಈ ಶಾಲೆ ತಮಿಳುನಾಡಿನಲ್ಲಿದೆ, ಬೋಧನೆ ಕನ್ನಡದಲ್ಲಿ. ಮಗು ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತಮಿಳನ್ನೂ ಪುಸ್ತಕದಲ್ಲಿ ಇಂಗ್ಲಿಷನ್ನೂ ಬಳಸುತ್ತದೆ. ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿಗೂ ದೂರ. ಪ್ರಯೋಗಶಾಲೆಯಲ್ಲಿ ಇಂತಿಂಥವು ಇವೆ, ಇಂತಿಂಥವು ಇಲ್ಲ. ಅಲ್ಲಿಯವರಿಗೆ ಇದು ತಾನಾಗಿ ತಿಳಿಯುವುದಿಲ್ಲ; ನಾವು ಬರೆಯದಿದ್ದರೆ ಮಗುವಿನ ಅಂಕಗಳನ್ನು ಬರಿಯ ಅಂಕಗಳಾಗಿ ಓದುತ್ತಾರೆ. ಈ ಒಂದು ಪುಟವನ್ನು ಅರ್ಜಿದಾರರು ಬರುವವರೆಗೆ ಕಾಯದೆ ಈ ಬೇಸಿಗೆಯ ರಜೆಯಲ್ಲಿಯೇ ಸಿದ್ಧಪಡಿಸಿ, ವರ್ಷ ವರ್ಷವೂ ತಿದ್ದಿ, ಸಂಘದ ಕಡತದಲ್ಲಿಡಬೇಕೆಂದು ಕೋರುತ್ತೇವೆ. ಅದೇ ಪುಟ ಮೈಸೂರಿನ ಅರ್ಜಿಗೂ ಕೊಯಮತ್ತೂರಿನ ಅರ್ಜಿಗೂ ಉಪಯೋಗಕ್ಕೆ ಬರುತ್ತದೆ.