ಸಾಕಿದ ನಾಯಿಯ ದೇಶಾಂತರ



ನಾಯಿಯನ್ನು ಕುರಿತು ಒಂದು ಭಾಷಣವೆಂದರೆ ಕೆಲವರಿಗೆ ನಗು ಬರಬಹುದು. ನಮ್ಮ ಮಾತಿನಲ್ಲಿ 'ನಾಯಿಪಾಡು' ಎಂಬುದು ಅತ್ಯಂತ ಹೀನವಾದ ಅವಸ್ಥೆಯ ಹೆಸರು. ಒಬ್ಬನನ್ನು ಬೈಯಬೇಕಾದಾಗ ಆ ಪ್ರಾಣಿಯ ಹೆಸರನ್ನೇ ಎರವಲು ತರುತ್ತೇವೆ. ಕೃತಜ್ಞತೆಗೆ ಉಪಮಾನ ಬೇಕಾದಾಗಲೂ ಅದೇ ನಾಲಗೆಯಿಂದ ಅದನ್ನೇ ಕರೆಯುತ್ತೇವೆ. ಬೀದಿಯಲ್ಲಿ ಕಲ್ಲೆಸೆದು ಓಡಿಸುವವರೂ ನಾವೇ; ಮಹಾಪ್ರಸ್ಥಾನದಲ್ಲಿ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ನಿಂತ ಧರ್ಮರಾಯನ ಕಥೆಯನ್ನು ಕೇಳಿ ಕಣ್ಣೊರಸಿಕೊಳ್ಳುವವರೂ ನಾವೇ. ಒಂದೇ ಜನರೊಳಗೆ ಒಂದು ಪ್ರಾಣಿಯ ವಿಷಯದಲ್ಲಿ ಇಷ್ಟು ಭಿನ್ನಭಾವವಿರುವಾಗ, ಅದು ದೇಶದಿಂದ ದೇಶಕ್ಕೆ ಹೋದರೆ ಅದರ ಪಾಡು ಎಷ್ಟು ಬಗೆಯಾದೀತು? ಈ ಪ್ರಶ್ನೆಗೆ ಉತ್ತರವಾಗಿ ಒಂದು ನಾಯಿಯ ಚರಿತ್ರೆಯನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಇದು ಕಟ್ಟುಕಥೆಯಲ್ಲ. ಆ ನಾಯಿಯ ಹೆಸರು ಜೂಡಿ.

ಜೂಡಿ ಹುಟ್ಟಿದುದು 1936ರಲ್ಲಿ, ಚೀನಾದೇಶದ ಶಾಂಘೈ ನಗರದಲ್ಲಿ. ಅಲ್ಲಿ ನೆಲಸಿದ್ದ ಆಂಗ್ಲರಿಗಾಗಿ ನಾಯಿಗಳನ್ನು ಬೆಳೆಸಿ ಮಾರುತ್ತಿದ್ದ ಒಂದು ಸ್ಥಳದಲ್ಲಿ ಅದು ಹುಟ್ಟಿತು. ಬಿಳಿಯ ಮೈಮೇಲೆ ಕಂದು ಮಚ್ಚೆಗಳಿದ್ದ ಹೆಣ್ಣುಮರಿ. 'ಪಾಯಿಂಟರ್' ಎಂಬ ಬೇಟೆನಾಯಿಯ ಜಾತಿ. ಮರಿಯಾಗಿದ್ದಾಗಲೇ ಅದು ತಪ್ಪಿಸಿಕೊಂಡು ಹೋಗಿ ಕೆಲವು ತಿಂಗಳು ಒಬ್ಬ ಚೀನೀ ಅಂಗಡಿಯವನ ಆಶ್ರಯದಲ್ಲಿ ಬೆಳೆಯಿತೆಂದೂ, ಅದನ್ನು ಮತ್ತೆ ಕಂಡುಹಿಡಿದ ಚೀನೀ ಹುಡುಗಿಯು 'ಷೂಡಿ' ಎಂದು ಕರೆಯುತ್ತಿದ್ದುದೇ ನಾವಿಕರ ಬಾಯಲ್ಲಿ 'ಜೂಡಿ' ಆಯಿತೆಂದೂ ಹೇಳುವರು. ಹೀಗೆ ಹೆಸರು ಮೊದಲು ಒಂದು ಭಾಷೆಯದಾಗಿ ಬಳಿಕ ಇನ್ನೊಂದು ಭಾಷೆಯದಾಯಿತು. ಮುಂದೆ ಅದರ ಬಾಳೂ ಹಾಗೆಯೇ ಆಯಿತು.

ಆಗ ಬ್ರಿಟಿಷರು ತಮ್ಮ ವ್ಯಾಪಾರವನ್ನು ಕಾಯುವುದಕ್ಕೆಂದು ಯಾಂಗ್‌ತ್ಸೆ ನದಿಯಲ್ಲಿ ಫಿರಂಗಿಗಳುಳ್ಳ ಸಣ್ಣ ಯುದ್ಧನೌಕೆಗಳನ್ನು ಇಟ್ಟಿದ್ದರು. ಪರರ ನದಿಯಲ್ಲಿ ಪರದೇಶದ ಫಿರಂಗಿ ಏಕಿತ್ತು ಎಂಬುದು ಬೇರೆಯೇ ಒಂದು ಭಾಷಣಕ್ಕೆ ವಿಷಯ. ಅಂತಹ 'ನ್ಯಾಟ್' ಎಂಬ ನೌಕೆಯ ನಾವಿಕರು ಜೂಡಿಯನ್ನು ಕೊಂಡುಕೊಂಡರು. ಬೇಟೆಗೆ ಸಹಾಯವಾದೀತೆಂಬುದು ಅವರ ಆಸೆ. ಪಾಯಿಂಟರ್ ಜಾತಿಯ ನಾಯಿಯು ಹಕ್ಕಿಯ ಸುಳಿವು ಸಿಕ್ಕಿದೊಡನೆ ಒಂದು ಕಾಲನ್ನೆತ್ತಿ, ಮೂತಿಯನ್ನು ಚಾಚಿ, ವಿಗ್ರಹದಂತೆ ನಿಂತು ದಿಕ್ಕನ್ನು ತೋರಿಸಬೇಕು. ಜೂಡಿಗೆ ಈ ವಿದ್ಯೆ ಬರಲೇ ಇಲ್ಲ. ಆದರೆ ಅದು ಬೇರೊಂದು ವಿದ್ಯೆಯನ್ನು ತಾನೇ ಕಲಿತುಕೊಂಡಿತು. ಕತ್ತಲಲ್ಲಿ ನದಿಯ ದರೋಡೆಗಾರರ ದೋಣಿ ಸಮೀಪಿಸಿದರೆ ಬೊಗಳುವುದು, ವಿಮಾನದ ಸದ್ದು ಮನುಷ್ಯರ ಕಿವಿಗೆ ಬೀಳುವ ಮೊದಲೇ ಆಕಾಶದ ಕಡೆಗೆ ಮುಖವೆತ್ತಿ ಬೊಗಳುವುದು: ಇವು ಅದರ ದಿನಚರಿಯಾದುವು. ಕೊಂಡವರು ಬಯಸಿದ ಗುಣ ಇಲ್ಲದಿದ್ದರೂ ಬಯಸದಿದ್ದ ಗುಣವೊಂದು ಅದರಲ್ಲಿದ್ದಿತು.

1939ರಲ್ಲಿ ಅದು ಕೆಲವು ನಾವಿಕರೊಡನೆ 'ಗ್ರಾಸ್‌ಹಾಪರ್' ಎಂಬ ಇನ್ನೊಂದು ನೌಕೆಗೆ ಬಂದು, ಆ ಮೇಲೆ ಸಿಂಗಾಪುರವನ್ನು ಸೇರಿತು. 1942ರ ಫೆಬ್ರವರಿ 15ರಂದು ಸಿಂಗಾಪುರವು ಜಪಾನೀಯರ ವಶವಾಯಿತಷ್ಟೆ. ಅದಕ್ಕೆ ಎರಡು ದಿನ ಮುಂಚೆ ಅಲ್ಲಿಂದ ಹೊರಟಿದ್ದ ಗ್ರಾಸ್‌ಹಾಪರ್ ನೌಕೆಯ ಮೇಲೆ ಮರುದಿನ ವಿಮಾನಗಳು ಬಾಂಬು ಹಾಕಿದುವು. ಬದುಕಿ ಉಳಿದವರು ಸಮೀಪದ ಒಂದು ನಿರ್ಜನ ದ್ವೀಪವನ್ನು ಸೇರಿದರು. ಅಳಿದುಳಿದ ಸಾಮಾನನ್ನು ತರಲು ಒಡೆದ ನೌಕೆಗೆ ಮರಳಿ ಹೋದ ನಾವಿಕನಿಗೆ, ಉರುಳಿಬಿದ್ದ ಪೆಟ್ಟಿಗೆಗಳ ಸಾಲಿನ ಹಿಂದೆ ಸಿಕ್ಕಿಕೊಂಡಿದ್ದ ಜೂಡಿ ಕಂಡಿತು. ದ್ವೀಪದಲ್ಲಿ ಕುಡಿಯುವ ನೀರಿಲ್ಲದೆ ಜನರು ಕಂಗೆಟ್ಟಿದ್ದಾಗ ಜೂಡಿಯು ಸಮುದ್ರತೀರದಲ್ಲಿ ಒಂದೆಡೆ ನೆಲವನ್ನು ಕೆರೆಯತೊಡಗಿತು. ಅಲ್ಲಿ ಅಗೆದು ನೋಡಲು ಸಿಹಿನೀರು ದೊರೆಯಿತು. ಮುಂದೆ ಅವರು ಸುಮಾತ್ರಾ ದ್ವೀಪವನ್ನು ಅಡ್ಡಹಾಯ್ದು, ಅಡವಿಯನ್ನೂ ಜವುಗುನೆಲವನ್ನೂ ದಾಟಿ, ಪಶ್ಚಿಮತೀರದ ಪಾದಾಂಗ್ ಪಟ್ಟಣವನ್ನು ಮುಟ್ಟಿದರು. ಕಡೆಯ ಹಡಗು ಆಗಲೇ ಹೊರಟುಹೋಗಿತ್ತು. ಮಾರ್ಚ್ ತಿಂಗಳಲ್ಲಿ ಎಲ್ಲರೂ ಸೆರೆಯಾದರು. ಅಲ್ಲಿಂದ ಮೇದಾನ್ ನಗರದ ಸೆರೆಶಿಬಿರಕ್ಕೆ ಸಾಗಿಸುವಾಗ ನಾವಿಕರು ಜೂಡಿಯನ್ನು ಅಕ್ಕಿಯ ಚೀಲಗಳ ಕೆಳಗೆ ಬಚ್ಚಿಟ್ಟು ಕೊಂಡೊಯ್ದರು.

ಸುಮಾತ್ರಾದಲ್ಲಿ ನಾಯಿಯ ವಿಷಯದಲ್ಲಿ ಎರಡು ಬೇರೆಬೇರೆ ಆಚಾರಗಳಿವೆ. ಅಲ್ಲಿನ ಮಲಯರೂ ಮಿನಾಂಗ್‌ಕಬಾವ್ ಜನರೂ ಮುಸಲ್ಮಾನರು. ಅವರು ಅನುಸರಿಸುವ ಶಾಫಿ ಪಂಥದ ಪ್ರಕಾರ ನಾಯಿಯ ಜೊಲ್ಲು ಮೈಲಿಗೆ. ಅದು ತಾಗಿದ ಪಾತ್ರೆಯನ್ನು ಏಳು ಸಲ, ಅದರಲ್ಲೊಮ್ಮೆ ಮಣ್ಣು ಹಚ್ಚಿ, ತೊಳೆಯಬೇಕು. ಆದರೂ ಬೇಟೆಗೂ ಕಾವಲಿಗೂ ನಾಯಿಯನ್ನು ಸಾಕಲು ಅಡ್ಡಿಯಿಲ್ಲ. ಒಳನಾಡಿನ ಬಾಟಕ್ ಜನರಲ್ಲಿಯಾದರೋ ನಾಯಿಯ ಮಾಂಸವನ್ನು ಉಣ್ಣುವ ರೂಢಿಯುಂಟು. ಸೆರೆಶಿಬಿರಗಳ ಪಹರೆಯಲ್ಲಿದ್ದ ಕೊರಿಯಾದವರ ನಾಡಿನಲ್ಲಿಯೂ ಆ ರೂಢಿಯಿದ್ದಿತು. ಇದನ್ನು ಕೇಳಿ ನಾವು ಮೂಗು ಮುರಿಯಬೇಕಾದುದಿಲ್ಲ. ಶಿಬಿರದಲ್ಲಿ ಹಸಿವು ಹೆಚ್ಚಿದಾಗ, ಊರಿನಲ್ಲಿ ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದ ಯುರೋಪಿನವರೇ ಇಲಿಯನ್ನೂ ಹಾವನ್ನೂ ಹುಡುಕಿ ತಿಂದರು. ರೂಢಿಯೂ ಕಲ್ಲಿನಲ್ಲಿ ಕೊರೆದುದಲ್ಲ. ದಕ್ಷಿಣ ಕೊರಿಯಾದ ಶಾಸನಸಭೆಯು 2024ರ ಜನವರಿಯಲ್ಲಿ, ನಾಯಿಯ ಮಾಂಸದ ವ್ಯಾಪಾರವು 2027ರಿಂದ ನಿಲ್ಲತಕ್ಕದ್ದೆಂದು ಕಾನೂನು ಮಾಡಿತು.

ಮೇದಾನ್ ನಗರದ ಗ್ಲುಗೂರ್ ಶಿಬಿರದಲ್ಲಿ ಜೂಡಿಗೆ ಪಡಿಯಿರಲಿಲ್ಲ. ಕೈದಿಗಳಿಗೇ ದಿನಕ್ಕೆ ಸಿಗುತ್ತಿದ್ದುದು ಸ್ವಲ್ಪ ಬೆಂದ ಅಕ್ಕಿ. ನಾಯಿಗೆ ಯಾರು ಏನು ಕೊಟ್ಟಾರು? ಅದು ಹಲ್ಲಿಯನ್ನೋ ಇಲಿಯನ್ನೋ ಹಿಡಿದು, ಎಂಜಲಿಗಾಗಿ ಅವರಿವರ ಮುಂದೆ ನಿಲ್ಲುತ್ತಿತ್ತು. 1942ರ ಆಗಸ್ಟ್ ತಿಂಗಳಲ್ಲಿ ಫ್ರಾಂಕ್ ವಿಲಿಯಮ್ಸ್ ಎಂಬ ತರುಣ ಅಲ್ಲಿಗೆ ಬಂದ. ಬ್ರಿಟಿಷ್ ವಿಮಾನದಳದ ಸಾಮಾನ್ಯ ನೌಕರ. ವಯಸ್ಸು ಇಪ್ಪತ್ತರ ಮೇಲೆ ಎರಡು ಮೂರು ವರ್ಷ. ಎಲುಬು ಕಾಣುತ್ತಿದ್ದ ಆ ನಾಯಿಯನ್ನು ನೋಡಿ ಅವನು ತನ್ನ ಆ ದಿನದ ಅನ್ನವನ್ನು ಅದರ ಮುಂದೆ ಇಟ್ಟ. ಜೂಡಿ ಅದನ್ನು ತಿಂದು ಅವನ ಕಾಲ ಬಳಿ ಮಲಗಿತು. ಅಂದಿನಿಂದ ಅದು ಅವನನ್ನು ಬಿಡಲಿಲ್ಲ. ಅವನೂ ಅದನ್ನು ಬಿಡಲಿಲ್ಲ. ಇಲ್ಲಿಯವರೆಗೆ ಅದನ್ನು ಕೊಂಡವರು ಕೆಲವರು, ಕಾಪಾಡಿದವರು ಕೆಲವರು. ತನಗೇ ಸಾಲದ ಅನ್ನವನ್ನು ಕೊಟ್ಟವನು ಇವನು. 'ಸಾಕುವುದು' ಎಂಬ ನಮ್ಮ ಮಾತಿಗೆ ನಿಜವಾದ ಅರ್ಥ ಇಲ್ಲಿದೆಯೆಂದು ನನಗೆ ತೋರುತ್ತದೆ. ಮಿಕ್ಕುದನ್ನು ಎಸೆಯುವುದು ಸಾಕಿದಂತಾಗದು.

ಆದರೆ ಪಹರೆಯವರ ಕಣ್ಣಿಗೆ ನಾಯಿಯೆಂದರೆ ಒಂದು ಉಪದ್ರವ. ಯಾವ ಗಳಿಗೆಯಲ್ಲಾದರೂ ಅದಕ್ಕೆ ಗುಂಡು ತಗುಲಬಹುದಾಗಿತ್ತು. ವಿಲಿಯಮ್ಸ್ ಒಂದು ಉಪಾಯ ಮಾಡಿದ. ಶಿಬಿರದ ಅಧಿಕಾರಿ ಮದ್ಯಪಾನದಿಂದ ಸಂತೋಷವಾಗಿದ್ದ ಒಂದು ಸಂಜೆ ಅವನ ಬಳಿಗೆ ಹೋಗಿ ಜೂಡಿಯ ಒಂದು ಮರಿಯನ್ನು ಕಾಣಿಕೆಯಾಗಿ ಒಪ್ಪಿಸಿ, ಜೂಡಿಯನ್ನೂ ಯುದ್ಧಕೈದಿಯೆಂದು ದಾಖಲೆಮಾಡಬೇಕೆಂದು ಬೇಡಿದ. ವಿಲಿಯಮ್ಸನ ಸಂಖ್ಯೆ 81. ಜೂಡಿಯ ಸಂಖ್ಯೆ '81-ಎ' ಎಂದಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಧಿಕೃತವಾಗಿ ಯುದ್ಧಕೈದಿಯೆನಿಸಿಕೊಂಡ ನಾಯಿ ಇದೊಂದೇ. ಸೆರೆಯಾಳೆಂಬ ಹೆಸರೇ ಪ್ರಾಣರಕ್ಷಣೆಗೆ ಕವಚವಾದುದು ಆ ಕಾಲದ ವೈಚಿತ್ರ್ಯ.

1944ರ ಜೂನ್ ತಿಂಗಳಲ್ಲಿ ಕೈದಿಗಳನ್ನು ಸಿಂಗಾಪುರಕ್ಕೆ ಸಾಗಿಸಬೇಕೆಂದು ಅಪ್ಪಣೆಯಾಯಿತು. ನಾಯಿಯನ್ನು ತರಕೂಡದೆಂದೂ ಕಟ್ಟಪ್ಪಣೆ. ವಿಲಿಯಮ್ಸ್ ಜೂಡಿಗೆ ಗೋಣಿಚೀಲದೊಳಗೆ ಮಿಸುಕದೆ ಇರುವುದನ್ನು ಕಲಿಸಿದ. ಸುಡುಬಿಸಿಲಿನಲ್ಲಿ ಹಡಗಿನ ಮೇಲೆ ಗಂಟೆಗಟ್ಟಲೆ ನಿಂತಾಗಲೂ ಅವನ ಹೆಗಲ ಮೇಲಿನ ಚೀಲ ಅಲುಗಲಿಲ್ಲ. ಅದರೊಳಗಿಂದ ಉಸಿರೂ ಕೇಳಲಿಲ್ಲ. ಜೂನ್ 26ರಂದು ಆ ಹಡಗಿಗೆ ಟಾರ್ಪಿಡೊ ಬಡಿಯಿತು. ಅದನ್ನು ಬಿಟ್ಟುದು ಬ್ರಿಟಿಷರದೇ ಒಂದು ಜಲಾಂತರ್ಗಾಮಿ. ಒಳಗೆ ತಮ್ಮವರೇ ಇರುವರೆಂದು ಅದರವರಿಗೆ ತಿಳಿದಿರಲಿಲ್ಲ. ವಿಲಿಯಮ್ಸ್ ಹಡಗಿನ ಪಕ್ಕದ ಗುಂಡುಕಿಟಕಿಯಿಂದ ಜೂಡಿಯನ್ನು ಸಮುದ್ರಕ್ಕೆ ನೂಕಿ ತಾನು ಬೇರೆ ದಾರಿಯಿಂದ ಹೊರಬಿದ್ದ. ಮುಳುಗುತ್ತಿದ್ದವರ ಕಡೆಗೆ ಜೂಡಿಯು ತೇಲುವ ಮರದ ತುಂಡುಗಳನ್ನು ತಳ್ಳುತ್ತಿದ್ದುದನ್ನು ಕಂಡೆವೆಂದು ಬದುಕಿದವರು ಹೇಳಿದರು. ಅದು ಸತ್ತುಹೋಯಿತೆಂದೇ ನಂಬಿ ಸಿಂಗಾಪುರದ ಶಿಬಿರಕ್ಕೆ ಕಾಲಿಟ್ಟ ವಿಲಿಯಮ್ಸನನ್ನು, ಮೈಯೆಲ್ಲಾ ಎಣ್ಣೆ ಬಳಿದುಕೊಂಡಿದ್ದ ಒಂದು ಬಡಕಲು ನಾಯಿ ಹಿಂದಿನಿಂದ ನುಗ್ಗಿ ಕೆಡವಿತು.

ಆಮೇಲೆ ಮತ್ತೆ ಸುಮಾತ್ರಾ. ಪಕನ್‌ಬಾರುವಿನಿಂದ ಮುಆರೊವರೆಗೆ ಸುಮಾರು 220 ಕಿಲೋಮೀಟರುಗಳ ರೈಲುಮಾರ್ಗವನ್ನು ಕಾಡಿನ ನಡುವೆ ಹಾಸುವ ಕೆಲಸ. ಜಾವಾದಿಂದ ಹಿಡಿದು ತಂದ ಬಡ ಕೂಲಿಗಳು ಅಲ್ಲಿ ಸಾವಿರಸಾವಿರವಾಗಿ ಸತ್ತರು. ಅವರ ಗೋರಿಗಳಿಗೆ ಹೆಸರೂ ಇಲ್ಲ. ಒಂದು ನಾಯಿಯ ಕಥೆಯನ್ನು ಹೇಳುವಾಗ ಈ ಮಾತನ್ನು ಮರೆಯಬಾರದು. ಅಲ್ಲಿ ವಿಲಿಯಮ್ಸ್ ಬೆರಳಿನಿಂದ ಚಿಟಿಕೆ ಹೊಡೆದರೆ ಜೂಡಿ ಕಾಡಿನೊಳಗೆ ಮಾಯವಾಗುವುದು. ಮತ್ತೆ ಸಂಜ್ಞೆಮಾಡಿದಲ್ಲದೆ ಹೊರಗೆ ಬಾರದು. ಬದುಕುವ ಆಸೆಯನ್ನೇ ತೊರೆಯುವಂತಹ ದಿನಗಳಲ್ಲಿ, ತಾನು ಹೋದರೆ ಇದಕ್ಕೆ ಯಾರು ಗತಿ ಎಂಬ ಯೋಚನೆಯೇ ತನ್ನನ್ನು ಉಳಿಸಿತೆಂದು ವಿಲಿಯಮ್ಸ್ ಮುಂದೆ ಹೇಳಿಕೊಂಡ. ರೈಲುಮಾರ್ಗವು 1945ರ ಆಗಸ್ಟ್ 15ರಂದು ಮುಗಿಯಿತು. ಜಪಾನು ಶರಣಾಗತವಾದುದೂ ಅದೇ ದಿನ.

ಸ್ವದೇಶಕ್ಕೆ ಹೊರಟ ಹಡಗಿನಲ್ಲಿಯೂ ನಾಯಿಗೆ ಪ್ರವೇಶವಿರಲಿಲ್ಲ. ವೈರಿಗಳ ಕಣ್ಣುತಪ್ಪಿಸಿದಂತೆಯೇ ಸ್ವಜನರ ಕಣ್ಣನ್ನೂ ತಪ್ಪಿಸಿ ಅದನ್ನು ಹತ್ತಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಇಳಿದೊಡನೆ ಹುಚ್ಚುನಾಯಿ ರೋಗದ ಭಯದಿಂದ ಆರು ತಿಂಗಳ ಕ್ವಾರಂಟೈನ್ ವಾಸ. ಮೂರು ವರ್ಷ ಒಂದು ಗಳಿಗೆಯೂ ಅಗಲಲು ಇಷ್ಟಪಡದಿದ್ದವರು ಬಿಡುಗಡೆಯಾದ ಮೇಲೆ ಅಗಲಬೇಕಾಯಿತು. ನಿಯಮವು ನಿಷ್ಕಾರಣವಾದುದಲ್ಲ, ಚುಚ್ಚುಮದ್ದೂ ರಕ್ತಪರೀಕ್ಷೆಯೂ ನಂಬಿಕೆಗೆ ಅರ್ಹವಾದ ಬಳಿಕ, 2000ದಲ್ಲಿ ಬ್ರಿಟನ್ ಅದನ್ನು ಸಡಿಲಿಸಿತು. 1946ರ ಮೇ ತಿಂಗಳಲ್ಲಿ ಜೂಡಿಗೆ ಡಿಕಿನ್ ಪದಕ ದೊರೆಯಿತು. ಯುದ್ಧದಲ್ಲಿ ಸೇವೆಮಾಡಿದ ಪ್ರಾಣಿಗಳಿಗಾಗಿ ಮರಿಯಾ ಡಿಕಿನ್ ಎಂಬ ಮಹಿಳೆ 1943ರಲ್ಲಿ ಸ್ಥಾಪಿಸಿದ ಗೌರವವಿದು. ಆ ವರ್ಷದ ಜೂನ್ 8ರ ವಿಜಯೋತ್ಸವದಂದು ಅದರ ಬೊಗಳು ರೇಡಿಯೋ ಮೂಲಕ ದೇಶಕ್ಕೆಲ್ಲ ಕೇಳಿಸಿತು. ಧ್ವನಿಪೆಟ್ಟಿಗೆಯ ಮುಂದೆ ಅದಕ್ಕಿಂತ ಹೆಚ್ಚು ಸತ್ಯವಾದ ಭಾಷಣವನ್ನು ನಾನು ಮಾಡಬಲ್ಲೆನೆಂಬ ಭರವಸೆ ನನಗಿಲ್ಲ.

ಆದರೆ ನನ್ನ ಮನಸ್ಸಿಗೆ ಹೆಚ್ಚು ನಾಟಿದುದು ಪದಕವಲ್ಲ. ವಿಲಿಯಮ್ಸ್ ಜೂಡಿಯನ್ನು ಕರೆದುಕೊಂಡು, ಸೆರೆಯಲ್ಲಿ ಸತ್ತವರ ಮನೆಗಳಿಗೆ ಹೋಗುತ್ತಿದ್ದ. ಮಗನನ್ನು ಕಳೆದುಕೊಂಡ ತಾಯಿಗೆ ಏನೆಂದು ಹೇಳುವುದು? ಮಾತು ನಿಂತೆಡೆಯಲ್ಲಿ ನಾಯಿ ಸುಮ್ಮನೆ ಅವರ ಹತ್ತಿರ ಹೋಗಿ ಕುಳಿತರೆ ಅವರಿಗೆ ಸಮಾಧಾನವಾಗುತ್ತಿದ್ದಿತಂತೆ.

1948ರಲ್ಲಿ ವಿಲಿಯಮ್ಸ್ ಪೂರ್ವ ಆಫ್ರಿಕದ ಟಾಂಗಾನಿಕಾದಲ್ಲಿ ಬ್ರಿಟಿಷ್ ಸರ್ಕಾರವು ಕೈಗೊಂಡಿದ್ದ ಕಡಲೆಕಾಯಿ ಬೇಸಾಯದ ದೊಡ್ಡ ಯೋಜನೆಯಲ್ಲಿ ಕೆಲಸಕ್ಕೆ ಹೋದ, ಜೂಡಿಯೂ ಹೋಯಿತು. ಆ ಯೋಜನೆಯು ಕೋಟ್ಯಂತರ ಪೌಂಡುಗಳನ್ನು ನುಂಗಿ 1951ರಲ್ಲಿ ನಿಂತುಹೋಯಿತು. ಜೂಡಿ ಅದಕ್ಕೆ ಮೊದಲೇ, 1950ರ ಫೆಬ್ರವರಿ 17ರಂದು, ನಾಚಿಂಗ್‌ವೇಯಾ ಎಂಬಲ್ಲಿ ತೀರಿಕೊಂಡಿತು. ಗೆಡ್ಡೆಯೊಂದನ್ನು ಕೊಯ್ದು ತೆಗೆದ ಬಳಿಕ ಧನುರ್ವಾಯು ತಗುಲಿ, ಸಂಕಟವನ್ನು ನೋಡಲಾರದೆ, ಅದಕ್ಕೆ ಶಾಂತವಾದ ಮರಣವನ್ನು ಕೊಡಿಸಬೇಕಾಯಿತು. ವಿಲಿಯಮ್ಸ್ ಅದನ್ನು ವಿಮಾನದಳದ ಅಂಗಿಯಲ್ಲಿ ಸುತ್ತಿ ಹೂಳಿ, ಕಲ್ಲುಗಳನ್ನು ತಾನೇ ಕೂಡಿಸಿ, ಅದರ ಚರಿತ್ರೆಯನ್ನು ಬರೆದ ಫಲಕವುಳ್ಳ ಸಮಾಧಿಯನ್ನು ಕಟ್ಟಿದ.

ನಾಯಿಗೆ ಕಲ್ಲು ನಿಲ್ಲಿಸುವುದು ಕನ್ನಡಿಗರಿಗೆ ಹೊಸತಲ್ಲ. 949ರ ತಕ್ಕೋಲದ ಯುದ್ಧದ ತರುವಾಯ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಮೆಚ್ಚಿ ವರ ಬೇಡೆಂದಾಗ, ಗಂಗರ ಬೂತುಗನ ಅನುಚರನಾದ ಮಣಲೇರನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದ. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಆತಕೂರಿನಲ್ಲಿ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಸಾವಿರ ವರ್ಷಗಳ ಅಂತರದಲ್ಲಿ ಎರಡು ಖಂಡಗಳ ಇಬ್ಬರು, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಕೆಲಸವನ್ನು ಮಾಡಿದರು.

ಜೂಡಿಯನ್ನು ಒಬ್ಬರು ಬೇಟೆಯ ಸಾಧನವೆಂದರು, ಒಬ್ಬರು ಮೈಲಿಗೆಯೆಂದರು, ಒಬ್ಬರು ಮಾಂಸವೆಂದರು, ಒಬ್ಬರು ರೋಗದ ಬೀಜವೆಂದರು, ಒಬ್ಬರು ವೀರನಾಯಿಯೆಂದರು. ಇಷ್ಟು ಹೆಸರುಗಳ ನಡುವೆ ನಾಯಿ ಮಾತ್ರ ಬದಲಾಗಲಿಲ್ಲ. ಧರ್ಮರಾಯನ ನಾಯಿ ಕಡೆಯಲ್ಲಿ ಧರ್ಮದೇವತೆಯಾಯಿತು. ಇದು ಕಡೆಯವರೆಗೂ ನಾಯಿಯಾಗಿಯೇ ಇದ್ದಿತು. ಆದುದರಿಂದಲೇ ಅದನ್ನು ಬಿಡದಿದ್ದವನ ಗುಣ ಹೆಚ್ಚಿನದೆಂದು ತೋರುತ್ತದೆ. ಅವನಿಗೆ ಸ್ವರ್ಗದ ವಿಮಾನವೇನೂ ಕಾದಿರಲಿಲ್ಲ.

ಮಕ್ಕಳ ಆಸೆಗೆ ಮರಿಯನ್ನು ತಂದು, ಬೇರೆ ಊರಿಗೆ ವರ್ಗವಾಯಿತೆಂದು ಅದನ್ನು ಬೀದಿಯಲ್ಲಿ ಬಿಟ್ಟು ಹೋಗುವವರು ನಮ್ಮಲ್ಲಿಯೂ ಇದ್ದಾರೆ. ಬಾಗಿಲು ಮುಚ್ಚಿದ ಮನೆಯ ಮುಂದೆ ದಿನಗಟ್ಟಲೆ ಕಾದು ಕುಳಿತ ನಾಯಿಯನ್ನು ತಾವೂ ನೋಡಿರಬಹುದು. ಇಂದು ಗೋಣಿಚೀಲದಲ್ಲಿ ಬಚ್ಚಿಡಬೇಕಾದ ಕಷ್ಟವಿಲ್ಲ. ನಮ್ಮ ರೈಲುಗಳಲ್ಲಿ ಮೊದಲನೆಯ ದರ್ಜೆಯ ಕೋಣೆಯಲ್ಲಿಯೋ ಸಾಮಾನಿನ ಬಂಡಿಯ ಪೆಟ್ಟಿಗೆಯಲ್ಲಿಯೋ ಟಿಕೀಟು ಕೊಟ್ಟು ನಾಯಿಯನ್ನು ಕರೆದೊಯ್ಯಬಹುದು. ಕರೆದೊಯ್ಯುವ ಮನಸ್ಸಿಲ್ಲದವರು ತರದಿರುವುದೇ ಲೇಸು. ತಂದವರು ಮಾತ್ರ, ಊರು ಬಿಡುವ ದಿನ ಗಂಟುಮೂಟೆಗಳನ್ನು ಎಣಿಸುವಾಗ, ಬಾಗಿಲ ಬಳಿ ಬಾಲವಾಡಿಸುತ್ತ ನಿಂತಿರುವುದನ್ನೂ ಎಣಿಕೆಗೆ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.