ಪ್ರಭಾವದ ಖಾತೆಯಲ್ಲಿ ಬರೆಯದೆ ಬಿಟ್ಟದ್ದು

ಪ್ರಣಯವೂ ರಹಸ್ಯವೂ ಬೆರೆತ ಕಾದಂಬರಿಗಳನ್ನು ರೈಲುಪ್ರಯಾಣದ ಓದೆಂದು ಬದಿಗೆ ಸರಿಸಿದ್ದ ನಾವು ಇಂದು ಅವುಗಳಿಗಾಗಿ ಸೇರಿದ್ದೇವೆ. ಗಾಥಿಕ್ ಪರಂಪರೆಯನ್ನು ನಮಗೆ ಓದಲು ಕಲಿಸಿದವರು, ಸ್ತ್ರೀವಾದಿ ವಿಮರ್ಶೆಯನ್ನು ತರಗತಿಗೆ ತಂದವರು ಎದುರಿಗೇ ಇದ್ದಾರೆ. ಅವರ ಪ್ರಬಂಧಗಳ ಸಾರವನ್ನು ಅವರಿಗೇ ಒಪ್ಪಿಸುವ ಧಾರ್ಷ್ಟ್ಯ ನನಗಿಲ್ಲ. ನನ್ನದು ಒಂದೇ ತಕರಾರು, ಹಳೆಯದು. ಪ್ರಭಾವದ ಮಾತು ಬಂದೊಡನೆ ನಾವು ಶಾನುಭೋಗರಾಗಿಬಿಡುತ್ತೇವೆ. ಯಾರಿಂದ ಯಾರಿಗೆ ಏನು ಸಂದಿತೆಂದು ಬರೆದು ಖಾತೆ ಮುಚ್ಚುತ್ತೇವೆ. ಪಡೆದದ್ದನ್ನು ಲೇಖಕಿ ಎಲ್ಲಿ ತಲೆಕೆಳಗು ಮಾಡಿದರು ಎಂಬುದಕ್ಕೆ ಅಲ್ಲಿ ಅಂಕಣವೇ ಇಲ್ಲ.

ಡಾಫ್ನಿ ಡು ಮಾರಿಯೆ ಅವರ 'ರೆಬೆಕಾ' ಪ್ರಕಟವಾದದ್ದು 1938ರಲ್ಲಿ. ಶಾರ್ಲೆಟ್ ಬ್ರಾಂಟೆಯ 1847ರ 'ಜೇನ್ ಐರ್'ಗೆ ಅದು ಎಷ್ಟು ಋಣಿ ಎಂಬುದು ಪರೀಕ್ಷೆಯ ಖಾಯಂ ಪ್ರಶ್ನೆ. ದೊಡ್ಡ ಮನೆ, ಬಹಳ ಹಿರಿಯನಾದ ಯಜಮಾನ, ದಿಕ್ಕಿಲ್ಲದ ಹುಡುಗಿ, ಮೊದಲ ಹೆಂಡತಿಯ ಗುಟ್ಟು, ಬೆಂಕಿ: ಪಟ್ಟಿ ಸರಿಯಾಗಿಯೇ ಇದೆ. ಆದರೆ ಗುಟ್ಟು ಹೊರಬಿದ್ದಾಗ ಜೇನ್ ಮನೆ ಬಿಟ್ಟು ಹೊರಡುತ್ತಾಳೆ. ಡು ಮಾರಿಯೆ ಅವರ ಹೆಸರಿಲ್ಲದ ನಿರೂಪಕಿಯಾದರೋ, ಮೊದಲ ಹೆಂಡತಿ ರೆಬೆಕಾಳನ್ನು ಗಂಡನೇ ಕೊಂದನೆಂದು ತಿಳಿದ ಮೇಲೆ ಅವನಿಗೆ ಇನ್ನಷ್ಟು ಅಂಟಿಕೊಳ್ಳುತ್ತಾಳೆ. ಅಲ್ಲಿ ಬೆಂಕಿ ಮದುವೆಗೆ ದಾರಿ ತೆರೆದರೆ ಇಲ್ಲಿ ಗಂಡಹೆಂಡಿರನ್ನು ಪರದೇಶಕ್ಕೆ ಅಟ್ಟುತ್ತದೆ. ಋಣವನ್ನು ನಾನು ಅಲ್ಲಗಳೆಯುತ್ತಿಲ್ಲ. 1960ರಲ್ಲಿ ಶಾರ್ಲೆಟ್‌ಳ ತಮ್ಮ ಬ್ರಾನ್‌ವೆಲ್ ಬ್ರಾಂಟೆಯ ಜೀವನಚರಿತ್ರೆಯನ್ನೇ ಬರೆದ ಲೇಖಕಿ ಡು ಮಾರಿಯೆ. ಆ ಮನೆತನದ ಬರಹವನ್ನು ಅಷ್ಟು ಬಲ್ಲವರು ಅದಕ್ಕೆ ಬೆನ್ನು ತಿರುಗಿಸಿದ್ದು ಆಕಸ್ಮಿಕವಾಗಿರಲಾರದು.

ಈ ಶಾನುಭೋಗಿಕೆ ಒಮ್ಮೆ ನ್ಯಾಯಾಲಯಕ್ಕೂ ಹೋಗಿತ್ತು. 'ರೆಬೆಕಾ' ಕೃತಿಚೌರ್ಯವೆಂದು ಅಮೆರಿಕದಲ್ಲಿ ದಾವೆ ಹೂಡಲಾಯಿತು. 1947ರಲ್ಲಿ ಡು ಮಾರಿಯೆ ಸಾಕ್ಷಿ ಹೇಳಲು ನ್ಯೂಯಾರ್ಕಿಗೆ ಹೋಗಬೇಕಾಯಿತು. ದಾವೆ ಬಿದ್ದುಹೋಯಿತು. ನಮಗೆ ದಾವೆಗಿಂತ ಮುಖ್ಯವಾದದ್ದು, ಕಾದಂಬರಿಯನ್ನು ರೂಪಿಸುವಾಗ ಅವರು ಬರೆದಿಟ್ಟ ಟಿಪ್ಪಣಿ ಪುಸ್ತಕ. ಅದು 1981ರಲ್ಲಿ ಅಚ್ಚಾಯಿತು. ಅದರಲ್ಲಿ ಗಂಡನ ಹೆಸರು ಮ್ಯಾಕ್ಸಿಮ್ ಅಲ್ಲ, ಹೆನ್ರಿ. ಪರದೇಶದಲ್ಲಿ ದಿನ ದೂಡುವ ದಂಪತಿಯ ಚಿತ್ರ ಅಲ್ಲಿ ಉಪಸಂಹಾರ; ಅಚ್ಚಾದ ಕಾದಂಬರಿಯಲ್ಲಿ ಅದೇ ಆರಂಭ. ಮನೆ ಹೋಯಿತು, ಇವರಿಬ್ಬರು ಉಳಿದರು ಎಂದು ಮೊದಲೇ ತಿಳಿದ ಓದುಗರಿಗೆ ಮುಂದೇನು ಎಂಬ ಕುತೂಹಲಕ್ಕಿಂತ ಈ ಗತಿ ಹೇಗೆ ಬಂತು ಎಂಬ ಕಳವಳವೇ ಹೆಚ್ಚು. ಈ ಒಂದು ಸ್ಥಾನಪಲ್ಲಟ ಯಾವ ಪೂರ್ವಸೂರಿಯ ಋಣವೂ ಅಲ್ಲ. ಲೇಖಕಿಯ ಬದುಕೇ ಮೂಲ, ಅವರ ಪತಿಯ ಹಿಂದಿನ ನಿಶ್ಚಿತ ವಧುವಿನ ಬಗೆಗಿನ ಅಸೂಯೆಯೇ ಬೀಜ ಎನ್ನುವವರಿದ್ದಾರೆ. ಇರಬಹುದು. ಆದರೆ ಅಸೂಯೆ ಸಾಮಗ್ರಿ ಕೊಟ್ಟೀತೇ ಹೊರತು ಅಧ್ಯಾಯಗಳ ಕ್ರಮವನ್ನಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದು: ಕೊಲೆಗಾರ ಸಿಕ್ಕಿಬೀಳದಿರಲೆಂದು ನಾವೇಕೆ ಹಾರೈಸುತ್ತೇವೆ? ಈ ಕಾದಂಬರಿಯನ್ನು ಆಧರಿಸಿದ 1940ರ ಚಿತ್ರದಲ್ಲಿ ನಿರ್ದೇಶಕ ಹಿಚ್‌ಕಾಕ್ ಈ ತೊಡಕನ್ನು ಉಳಿಸಿಕೊಳ್ಳಲಾಗಲಿಲ್ಲ. ಕೊಲೆಗಾರ ಶಿಕ್ಷೆಯಿಲ್ಲದೆ ಪಾರಾಗುವುದನ್ನು ಹಾಲಿವುಡ್‌ನ ಅಂದಿನ ಸಂಹಿತೆ ಒಪ್ಪುತ್ತಿರಲಿಲ್ಲ; ಕಾದಂಬರಿಯ ಗುಂಡೇಟು ಹೋಗಿ, ರೆಬೆಕಾ ಬಿದ್ದು ಸತ್ತ ಅಪಘಾತ ಬಂತು. ಚಿತ್ರಕ್ಕೆ ಆಸ್ಕರ್ ಸಿಕ್ಕಿತು, ಪ್ರಶ್ನೆ ಕಳೆದುಹೋಯಿತು. ರೆಬೆಕಾ ಕೆಟ್ಟವಳಾದ್ದರಿಂದ ಓದುಗರು ಮನ್ನಿಸುತ್ತಾರೆ ಎಂಬ ಉತ್ತರ ನನಗೆ ಸಾಲದು, ಆಕೆಯ ಕೆಡುಕಿನ ಸಾಕ್ಷ್ಯ ಬಹುಪಾಲು ಕೊಂದವನ ಬಾಯಿಂದಲೇ ಬರುತ್ತದೆ. ನನ್ನ ಊಹೆ ಹೀಗೆ. ತಪ್ಪೊಪ್ಪಿಗೆಯವರೆಗೆ ಕಾದಂಬರಿ ನಮ್ಮೊಳಗೆ ಬೆಳೆಸುವುದು ಒಂದೇ ಆತಂಕವನ್ನು: ಅವನಿಗೆ ಇನ್ನೂ ರೆಬೆಕಾಳ ಮೇಲೆ ಪ್ರೀತಿಯಿದೆಯೇ? ಕೊಲೆಯ ಸುದ್ದಿ ಆ ಪ್ರಶ್ನೆಗೆ ಉತ್ತರವಾಗಿ ಬರುವುದರಿಂದ ಬೆಚ್ಚಿಬೀಳಬೇಕಾದಲ್ಲಿ ನಿರೂಪಕಿಯ ಜೊತೆ ನಾವೂ ನಿಟ್ಟುಸಿರು ಬಿಡುತ್ತೇವೆ. ಹಾಗಾದರೆ ಪ್ರಣಯ ಇಲ್ಲಿ ರಹಸ್ಯಕ್ಕೆ ಹಚ್ಚಿದ ಬಣ್ಣವಲ್ಲ, ಅದನ್ನು ನಡೆಸುವ ಯಂತ್ರವೇ. ಈ ವಾದಕ್ಕೆ ಒಂದು ಆಕ್ಷೇಪ ನಾನೇ ಎತ್ತಬೇಕು. ಎರಡನೇ ಓದಿನಲ್ಲಿ ಆತಂಕ ಇರುವುದಿಲ್ಲ, ಕೊಂದವನು ಯಾರೆಂದು ಮೊದಲ ಪುಟದಿಂದಲೇ ಗೊತ್ತು; ಆದರೂ ವಿಚಾರಣೆಯ ದೃಶ್ಯ ಬಂದಾಗ ಮನಸ್ಸು ಮತ್ತೆ ಅವನ ಕಡೆಗೇ ವಾಲುತ್ತದೆ. ಅದೇಕೆಂದು ಈ ಗೋಷ್ಠಿಗಳಲ್ಲಿ ಯಾರಾದರೂ ಹೇಳಿದರೆ ಕೇಳಲು ಮಧ್ಯಾಹ್ನದ ಕೊನೆಯ ಪ್ರಬಂಧದವರೆಗೂ ಕುಳಿತಿರುತ್ತೇನೆ.