ಎಸ್ಸೆಸ್ಸೆಲ್ಸಿ ನಂತರ ಸಿವಿಲ್‌ಗೆ ಎರಡು ದಾರಿ



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ಪೋಷಕರು ಕೇಳುತ್ತಾರೆ: "ಮಗಳು ಸಿವಿಲ್ ಓದ್ತೀನಿ ಅಂತಾಳೆ, ಕಂಪ್ಯೂಟರ್ ಸೈನ್ಸೇ ವಾಸಿ ಅಲ್ವೇನಪ್ಪಾ?" ಆಸಕ್ತಿಯಿದ್ದರೆ ಸಿವಿಲ್ಲೇ ಓದಲಿ ಎನ್ನುತ್ತೇನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಯಾರ ಹೆಸರಿದೆಯೋ, ಆ ಸರ್ ಎಂ. ವಿಶ್ವೇಶ್ವರಯ್ಯನವರೂ ಸಿವಿಲ್ ಇಂಜಿನಿಯರೇ. ಆದರೆ ಬಿಸಿಲಲ್ಲಿ ನಿಂತು ಮಾಡುವ ಸೈಟ್ ಕೆಲಸವಿದೆ; ಮೊದಲ ಸಂಬಳ ಸಾಫ್ಟ್‌ವೇರಿನಷ್ಟು ಬಾರದಿರಬಹುದು. ಇದನ್ನು ತಿಳಿದೇ ಹೊರಡಬೇಕು.

ದಾರಿ ಎರಡಿವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಸಿಇಟಿ ಬರೆಯುವುದು ಒಂದು. ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆಮೇಲೆ ನಾಲ್ಕು ವರ್ಷದ ಬಿ.ಇ.; ಶಿವಮೊಗ್ಗದ ಜೆ.ಎನ್.ಎನ್.ಸಿ.ಇ.ಯಲ್ಲೇ ಸಿವಿಲ್ ವಿಭಾಗವಿದೆ. ಇನ್ನೊಂದು, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ. ಮುಗಿಸಿ ಡಿಸಿಇಟಿ ಬರೆದರೆ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಮನೆಯಲ್ಲಿ ಕಷ್ಟವಿದ್ದರೆ ಡಿಪ್ಲೊಮಾದಲ್ಲೇ ಕೆಲಸ ಹಿಡಿಯಬಹುದು.

ಮಕ್ಕಳೇ, ಒಂದು ಮಾತು ಮರೆಯಬೇಡಿ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರ ಕೊಡುವುದು ನೀವು ಓದಿದ ಶಾಲೆಗಳೇ. ಸಿಇಟಿ ಅರ್ಜಿಯ ಗಡಿಬಿಡಿಗೆ ಮೊದಲೇ ಪಡೆದಿಟ್ಟುಕೊಳ್ಳಿ. ಈ ಶಾಲೆಯ ಬೆಂಚಿನಲ್ಲಿ ಕೂತು ನೀವು ಗಳಿಸಿದ ಹಕ್ಕು ಅದು.

ಐವತ್ತು ತುಂಬಿದ ನಮ್ಮ ಶಾಲೆಗೆ ಶುಭವಾಗಲಿ.